ಯಾರ ಮನಿ ಬೇಕಾಗಿತ್ತು?

ಹೋದ ತಿಂಗಳು ಒಬ್ಬ ಗಂಡಸು ನನ್ನ ಮನೆಗೆ ನುಗ್ಗಿ, ನನ್ನ ಮಣೆಯ ಮೇಲೆ ಕುಳಿತು, ನನ್ನ ಪಾಲಿನ ಜೋಳದ ರೊಟ್ಟಿ ತಿಂದು, ‘ಪಲ್ಯಾಕ ಉಪ್ಪೇ ಇಲ್ಲಲ್ಲ!’ ಎಂದು ನನ್ನ ಹೆಂಡತಿಯನ್ನೇ ಗದರಿಸಿದ. (ಮದುವೆಯಾದಂದಿನಿಂದ ಆ ಧೈರ್ಯ ನನಗೆ ಬಂದಿಲ್ಲ.)

ಅವನು ಶಂಕ್ರಪ್ಪ, ಹಿಂದಿನ ಸಾಲಿನವ. ವಾಡಿಯ ನಮ್ಮ ಸಿಮೆಂಟ್ ಫ್ಯಾಕ್ಟರಿ ಕ್ವಾರ್ಟರ್ಸ್ ನೋಡಿದ್ದೀರಲ್ಲ? ಎಲ್ಲಕ್ಕೂ ಒಂದೇ ಬಾಗಿಲು, ಒಂದೇ ಬಣ್ಣ, ಒಂದೇ ಧೂಳು. ಶಿಫ್ಟ್ ಮುಗಿಸಿ ಸೇಂದಿ ಅಂಗಡಿ ಹಾಯ್ದು ಬಂದವನಿಗೆ ಮನೆ ತಪ್ಪುವುದೇನು ದೊಡ್ಡ ಸಂಗತಿಯೇ? ಸಾಲಿಗೆ ಸಾಲೇ ನಕ್ಕಿತು.

‘ಸಾಕು ಬಿಡೋ ಆ ಸೇಂದಿ’ ಎಂದೆ.

‘ಈಚಲ ಗಿಡದ ಹಾಲು ಅದ ಸರ. ಹೊಟ್ಟಿಗಿ ಭಾಳ ತಂಪು!’

ಗಿಡದ ಹಾಲಂತೆ! ಮೈಸೂರು ರಾಜ್ಯ ಹೋಗಿ ಕರ್ನಾಟಕ ಬಂದರೂ ಊರ ಸುತ್ತ ಅವೇ ನಾಲ್ಕು ಸೊರಗಿದ ಈಚಲ ಗಿಡ. ಅಂಗಡಿಯಲ್ಲಿ ಮಾತ್ರ ಕಡು ಬೇಸಿಗೆಯಲ್ಲೂ ಹಂಡೆ ತುಂಬ ಸೇಂದಿ. ಗಿಡಕ್ಕೇನು ನಳ ಕೂಡಿಸಿದ್ದಾರೆಯೇ? ನೀರು, ಸ್ಯಾಕರಿನ್, ಮೇಲೊಂದಿಷ್ಟು ನಿದ್ದೆ ಬರಿಸುವ ಕೆಮಿಕಲ್ ಪೌಡರ್. ಕುಡಿಯುವವರಿಗೂ ಇದು ಗೊತ್ತು. ಪೌಡರ್ ಕಡಿಮೆಯಾದ ದಿನ ‘ಇವತ್ತಿನ ಮಾಲು ಅಸಲಿ ಅಲ್ಲ’ ಎಂದು ಜಗಳ ತೆಗೆಯುವವರೂ ಅವರೇ!

ಮೊನ್ನೆ ಭಾನುವಾರ ಮುಂಜಾನೆ ಶಂಕ್ರಪ್ಪ ಮತ್ತೆ ಬಂದ. ಬದನೆಕಾಯಿ ಚೀಲವನ್ನು ನನ್ನ ಹೆಂಡತಿಯ ಕೈಗಿಟ್ಟು ಹೊರಸಿನ ಮೇಲೆ ಕುಳಿತ. ಒಳಗಿನಿಂದ ಬಂದ ನನ್ನನ್ನು ನೋಡಿ, ‘ಬರ್ರಿ ಸರ, ನಮ್ಮನಿ ಕಡಿ ಅಪರೂಪ ಬಂದ್ರಿ! ಕುಂದ್ರಿ’ ಎಂದ.

‘ಮುಂಜಾನೇ ಏರಿಸಿ ಬಂದಿಯೇನೋ?’ ಎಂದೆ.

‘ಇಲ್ರಿ. ಲಿವರ್ ಕೆಟ್ಟದ ಅಂತ ಡಾಕ್ಟರ್ ಬೈಲಿಕತ್ತಾರ. ಬಿಟ್ಟೀನ್ರಿ.’

ನಿಜ, ವಾಸನೆಯೇ ಇರಲಿಲ್ಲ. ಕಣ್ಣು ಅರಿಶಿನದಷ್ಟು ಹಳದಿ. ಕುಡಿಯದೆಯೂ ಮನೆ ತಪ್ಪಿದ್ದ. ನನಗೆ ಹೆದರಿಕೆಯಾಯಿತು.

ನನ್ನ ಹೆಂಡತಿ ಓಡಿಹೋಗಿ ಅವನ ಹೆಂಡತಿ ನಾಗಮ್ಮನನ್ನು ಕರೆತಂದಳು. ‘ನಡೀರಿ ಮನಿಗಿ’ ಎಂದು ಆಕೆ ಕೈ ಹಿಡಿದಳು. ಶಂಕ್ರಪ್ಪ ಮೆಲ್ಲಗೆ ಕೈ ಬಿಡಿಸಿಕೊಂಡು, ಎದ್ದು ನಿಂತು, ಬಲು ಮರ್ಯಾದೆಯಿಂದ ಕೇಳಿದ:

‘ಯಾರ ಮನಿ ಬೇಕಾಗಿತ್ರಿ ಅಕ್ಕಾರ?’

ನಾಗಮ್ಮ ಬಾಯಿಗೆ ಸೆರಗು ಹಿಡಿದು ಅತ್ತಳು. ನಾವೂ ಅತ್ತೆವು.

ಸೇಂದಿ ಅಂಗಡಿಯ ದಾರಿ ಕೇಳಿ ನೋಡಿ, ಇವತ್ತಿಗೂ ತಪ್ಪದೆ ಹೇಳುತ್ತಾನೆ.