ಮೇಲಿನ ಮನೆಯವರ ಲೋಕಲ್ ಗಾಡಿ

ಅವರ ಅಂಗಿಯ ಜೇಬಿನಿಂದ ಯಾವಾಗಲೂ ಒಂದು ಕರಿಯ ವೈರು ಇಲಿಯ ಬಾಲದ ಹಾಗೆ ಇಳಿಬಿದ್ದಿರುತ್ತಿತ್ತು. ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಅವರು ಮೇಲಿನ ಮನೆಯವರು. ಬೆಂಗಳೂರಿನ ಕಡೆಯವರು, ಒಂಟಿ. ವಾರವೆಲ್ಲ ಕಂಪನಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದು, ಭಾನುವಾರ ಓದು ಬಾರದವರಿಗೆ ಅಕ್ಷರ ಕಲಿಸುವ ಆಟವನ್ನು ಕಂಪ್ಯೂಟರಿನಲ್ಲೇ ಕಟ್ಟುವುದು. ಅದೂ ಪುಕ್ಕಟೆ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ತಿಳಿದವಳು ನಾನು. ಎಂಬತ್ತರ ದಶಕದ ಬೊಂಬಾಯಿಯಲ್ಲಿ ಪುಕ್ಕಟೆ ಕೊಡುವವರನ್ನು ನಂಬುವುದುಂಟೇ?

ಪುಟ್ಟ ಕಂಪ್ಯೂಟರನ್ನು ಆ ವೈರಿನಿಂದ ಟಿವಿಗೆ ಸಿಕ್ಕಿಸಿ, ಆಟ ತುಂಬಿದ ಕ್ಯಾಸೆಟ್ ಟೇಪ್ ರೆಕಾರ್ಡರಿನಲ್ಲಿ ಕಿರುಚಿ ಮುಗಿದ ಮೇಲೆ ಪರದೆಯಲ್ಲಿ ಲೋಕಲ್ ಗಾಡಿಗಳು ಬರುತ್ತಿದ್ದವು. ಗಾಡಿಯ ಹಣೆಯ ಮೇಲೆ ಹಿಂದಿಯಲ್ಲಿ ಬರೆದ ಊರ ಹೆಸರು ಓದಿ ಸರಿಯಾದುದನ್ನು ಹತ್ತಬೇಕು, ಅದೇ ಆಟ. ಪಕ್ಕದ ಕಟ್ಟಡದ ಕೆಲಸಕ್ಕೆ ಬಂದಿದ್ದ ಬಿಜಾಪುರದ ಕಡೆಯ ಹೆಂಗಸೊಬ್ಬಳು ಅವರ ಶಿಷ್ಯೆ. ಅವಳ ಬಸುರಿ ಮಗಳು ಬಾಂದ್ರಾದಲ್ಲಿದ್ದಳು. ಅಲ್ಲಿಗೆ ಹೋಗಲು ವಡಾಲಾದಲ್ಲಿ ಇಳಿದು ಬಾಂದ್ರಾ ಗಾಡಿ ಹಿಡಿಯಬೇಕು. ಒಮ್ಮೆ ಅಲ್ಲಿ ತಪ್ಪು ಗಾಡಿ ಹತ್ತಿ ಬೇರೆ ದಿಕ್ಕಿನ ಮಾನ್‌ಖುರ್ದ್ ತಲುಪಿ ಅಳುತ್ತ ಬಂದವಳು, ಮತ್ತೆ ಒಬ್ಬಳೇ ಹೊರಡುವ ಧೈರ್ಯ ಮಾಡಿರಲಿಲ್ಲ.

ತಮ್ಮ ಕಲರ್ ಟಿವಿ ಕೆಟ್ಟ ದಿನ ಅವರು ಅವಳನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು.

"ಸ್ವಲ್ಪ ಹೊತ್ತು ನಿಮ್ಮ ಟಿವಿ ಕೊಡ್ತೀರಾ ಮೇಡಂ?"

"ಪಿಕ್ಚರ್ ಟ್ಯೂಬ್ ಹೋದ್ರೆ? ನಿಮ್ಮದಂತೂ ಹೋಯ್ತಲ್ಲ," ಎಂದೆ.

"ಹೋದ್ರೆ ಹೊಸದು ಹಾಕಿಸಿಕೊಡ್ತೀನಿ."

ಒಪ್ಪಿದೆ. ಆದರೆ ಕುರ್ಚಿ ಎಳೆದುಕೊಂಡು ಕಾವಲು ಕೂತೆ. ಮೇಲಿನ ಮನೆಯಲ್ಲಿ ಒಂದು ಗಾಡಿಯನ್ನೂ ತಪ್ಪಿಸದವಳು ನಮ್ಮ ಕಪ್ಪುಬಿಳುಪು ಟಿವಿಯ ಮುಂದೆ ಕಕ್ಕಾಬಿಕ್ಕಿಯಾದಳು.

"ಹಸರ ಗಾಡಿ ಯಾವುದಂತ ತಿಳೀವಲ್ದ್ರಿ ಸಾಹೇಬ್ರ. ಎಲ್ಲಾ ಒಂದ ನಮೂನಿ ಕಾಣ್ತಾವ."

ಚೆಂದ ಕಾಣಲೆಂದು ಅವರು ಬಾಂದ್ರಾ ಗಾಡಿಗೆ ಹಸಿರು, ಮಾನ್‌ಖುರ್ದ್ ಗಾಡಿಗೆ ಹಳದಿ ಬಣ್ಣ ಹಚ್ಚಿದ್ದರು. ಅವಳು ಕಲಿತದ್ದು ಬಣ್ಣ, ಅಕ್ಷರವಲ್ಲ. ನಿಜವಾದ ಸ್ಟೇಷನ್ನಿನಲ್ಲಿ ಗಾಡಿಗಳೆಲ್ಲ ಒಂದೇ ಬಣ್ಣ.

"ನೋಡಿದ್ರಾ? ನನಗೆ ಮೊದಲೇ ಅನುಮಾನ ಇತ್ತು," ಎಂದೆ. ಸುಳ್ಳೇಕೆ, ಖುಷಿಯೇ ಆಯಿತು.

ಅವರಿಗೆ ಸಿಟ್ಟು ಬರಲಿಲ್ಲ. "ಈ ಅನುಮಾನ ನನಗೆ ಬೇಕು ಮೇಡಂ. ಬೇರೆಯವರು ಚೆನ್ನಾಗಿದೆ ಅಂತ ಹೇಳಿ ಕಾಫಿ ಕೊಟ್ಟು ಕಳಿಸಿಬಿಡ್ತಾರೆ."

ಬಣ್ಣ ತೆಗೆದುಹಾಕಿದರು. ತಮ್ಮ ಟಿವಿ ರಿಪೇರಿಯಾದ ಮೇಲೂ ಪ್ರತಿಯೊಂದು ಆಟವನ್ನು ಮೊದಲು ನಮ್ಮ ಮನೆಗೇ ತಂದರು. ನನ್ನ ಸಂಶಯಬುದ್ಧಿಗೆ ಮರ್ಯಾದೆ ಕೊಟ್ಟವರು ಅವರೊಬ್ಬರೇ. ನಮ್ಮ ಯಜಮಾನರು ಅದನ್ನು ಇವತ್ತಿಗೂ ರೋಗವೆಂದೇ ಕರೆಯುತ್ತಾರೆ.

ಕೊನೆಗೊಂದು ದಿನ ಅವಳು ಒಬ್ಬಳೇ ಹೊರಟಳು. ನಂಬಿಕೆ ಬಾರದೆ ಹಿಂದೆಯೇ ಹೋದೆ. ವಡಾಲಾ ಪ್ಲಾಟ್‌ಫಾರ್ಮಿನ ಟೀ ಸ್ಟಾಲಿನ ಮರೆಯಲ್ಲಿ ನಿಂತರೆ, ಅಲ್ಲಿ ಮೇಲಿನ ಮನೆಯವರೂ ಅಡಗಿದ್ದಾರೆ!

"ನೀವೂ ನಂಬಲಿಲ್ವಾ?"

"ಆಟ ಮಾಡಿದೋನು ನಾನೇ ಅಲ್ವಾ ಮೇಡಂ, ಅದಕ್ಕೇ."

ಮಾನ್‌ಖುರ್ದ್ ಗಾಡಿ ಬಂತು. ಅವಳು ಕದಲಲಿಲ್ಲ. ಮುಂದಿನದು ಬಂದಾಗ ತುಟಿಯಲ್ಲೇ ಅಕ್ಷರ ಕೂಡಿಸಿಕೊಂಡು ಹತ್ತಿದಳು. ಬಾಂದ್ರಾ. ಅವರು ಆ ಕಡೆ ತಿರುಗಿ ಕನ್ನಡಕ ಒರೆಸತೊಡಗಿದರು.

ತೊಂಬತ್ತರ ದಶಕ ಹುಟ್ಟಿದ ಹೊಸತರಲ್ಲೇ ಹೃದಯಾಘಾತವಾಗಿ ಅವರು ಹೋದರು. ಮಗಳ ಮನೆಯಲ್ಲಿದ್ದ ಅವಳಿಗೆ ಸುದ್ದಿ ಮುಟ್ಟಿಸಿದೆವು. ಊರಿಂದ ನೆಂಟರು ಬರುವ ಮೊದಲೇ ಅವಳು ಬಂದು ನಿಂತಳು.

"ಯಾರ ಜೊತೆ ಬಂದೆ?" ಎಂದು ಕೇಳಿದೆ.

"ಒಬ್ಬಾಕಿನ ಬಂದೇನ್ರಿ ಅಕ್ಕಾರ," ಎಂದಳು. "ಓದ್ಕೋತ ಬಂದೆ."