ಒಂದು ಉದ್ದ, ಮೂರು ಗಿಡ್ಡ

ಇಪ್ಪತ್ತೆರಡು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು ನಾನು. ಮಂಡಿ ಮೊಹಲ್ಲಾ ಸ್ಟಾಪಿನಲ್ಲಿ ಮೂಟೆ ಸಮೇತ ನುಗ್ಗಿ ಬಾಗಿಲಲ್ಲೇ ನಿಂತುಬಿಡುವವರನ್ನು ಬರೀ ಬಾಯಲ್ಲೇ ಒಳಕ್ಕೆ ತಳ್ಳುತ್ತಿದ್ದೆ. “ಮುಂದಕ್ಕೆ ಹೋಗ್ರೀ, ಅಲ್ಲೇನು ಬೇರು ಬುಟ್ಕೊಂಡು ನಿಂತಿದೀರಾ?” ಎಂದರೆ ಎಂಥ ಆಸಾಮಿಯೂ ಎರಡು ಹೆಜ್ಜೆ ಸರಿಯುತ್ತಿದ್ದ. ಅಂಥ ಬಾಯನ್ನು ನರಗಳ ಕಾಯಿಲೆಯೊಂದು ಎರಡೇ ವರ್ಷದಲ್ಲಿ ಮುಚ್ಚಿಸಿತು. ಮೊದಲು ನಾಲಿಗೆ ತೊದಲಿತು, ಆಮೇಲೆ ಕೈಕಾಲು ಸೋತವು. ಕೊನೆಗೆ ನಾನು ಹೇಳಿದ ಹಾಗೆ ಕೇಳುವುದೆಂದು ಉಳಿದದ್ದು ಬಲಗೈ ಹೆಬ್ಬೆರಳು ಒಂದೇ. ಇದನ್ನು ಬರೆಯುತ್ತಿರುವುದೂ ಅದರಿಂದಲೇ. ದಿನಕ್ಕೆ ನಾಲ್ಕು ಸಾಲು ಆದರೆ ಹೆಚ್ಚು.

ನನ್ನ ಗಂಡ ಅದೇ ಬಸ್ಸಿನ ಡ್ರೈವರ್. ಹನ್ನೊಂದು ವರ್ಷ ಒಂದೇ ರೂಟಿನಲ್ಲಿ, ಒಂದೇ ಗಾಡಿಯಲ್ಲಿ ದುಡಿದವರು ನಾವು. ಈಗ ಅವರೂ ರಿಟೈರ್ ಆಗಿದ್ದಾರೆ. ಮಗಳು ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆವರೆಗೆ ನನ್ನ ಸ್ನಾನ, ಊಟ, ಮಗ್ಗುಲು ಬದಲಿಸುವುದು ಎಲ್ಲಾ ಅವರದೇ. ಕೋಪಿಷ್ಠ ಮನುಷ್ಯ. ಆದರೆ ನನ್ನ ತಲೆ ಬಾಚುವಾಗ ಸಿಕ್ಕು ಬಿಡಿಸುವ ಅವರ ತಾಳ್ಮೆ ನಮ್ಮಮ್ಮನಿಗೂ ಇರಲಿಲ್ಲ.

ವಿದ್ಯಾರಣ್ಯಪುರಂನ ನಮ್ಮ ಮನೆಗೆ ವಾರಕ್ಕೊಮ್ಮೆ ಮಾತಿನ ಚಿಕಿತ್ಸೆಗೆಂದು ಒಬ್ಬ ಹುಡುಗಿ ಬರುತ್ತಾಳೆ. ಅವಳೇ ನನ್ನ ಹೆಬ್ಬೆರಳಿಗೆ ಉಂಗುರದಂಥ ಪಟ್ಟಿ ಕಟ್ಟಿದ್ದು. ಬೆರಳು ಬಾಗಿದ್ದನ್ನು ಕಂಡುಹಿಡಿಯುವ ಸೆನ್ಸರ್ ಅದರೊಳಗಿದೆ. ಚೂರು ಬಗ್ಗಿಸಿ ಬಿಟ್ಟರೆ ಪಕ್ಕದ ಫೋನು ಗಿಡ್ಡಗೆ ‘ಪೀ’ ಎನ್ನುತ್ತದೆ, ಬಗ್ಗಿಸಿ ಹಿಡಿದರೆ ಉದ್ದಕ್ಕೆ. ಹಿಂದೆ ತಂತಿ ಕಚೇರಿಯಲ್ಲಿ ಟಕಟಕ ಕುಟ್ಟುತ್ತಿದ್ದರಲ್ಲ, ಅದೇ ಮೋರ್ಸ್. ಗಿಡ್ಡ ಉದ್ದ ಸೇರಿದರೆ ಒಂದು ಇಂಗ್ಲಿಷ್ ಅಕ್ಷರ. ವಾಟ್ಸಾಪಿನಲ್ಲಿ ಬರೆಯುವ ಹಾಗೆ ಆ ಅಕ್ಷರಗಳಲ್ಲೇ ಕನ್ನಡ ಬರೆದರೆ ಫೋನು ಅದನ್ನು ಕನ್ನಡದಲ್ಲಿ ತೋರಿಸುತ್ತದೆ. ಹತ್ತು ದಿನಕ್ಕೆ ಕಲಿತುಬಿಟ್ಟೆ. “ಆಂಟಿ, ನೀವು ಕಿಲಾಡಿ ಕಣ್ರೀ” ಎಂದಳು. ಏನು ಸಂತೋಷ ಅಂತೀರಿ!

ಎಡವಟ್ಟಾದದ್ದು ಊಟದಲ್ಲಿ. ನಮ್ಮ ಕಸುಬಿನಲ್ಲಿ ಕಂಡಕ್ಟರ್ ಸೀಟಿಯನ್ನು ಒಂದು ಸಲ ಊದಿದರೆ ಗಾಡಿ ನಿಲ್ಲಬೇಕು, ಪಟಪಟನೆ ಊದಿದರೆ ಹೊರಡಬೇಕು. ಡ್ರೈವರ್ ಹಿಂದೆ ತಿರುಗಿ ನೋಡುವ ಹಾಗಿಲ್ಲ, ಕಿವಿಯೇ ಗತಿ. ಅವತ್ತು ನನ್ನ ಗಂಡ ರಾಗಿ ಗಂಜಿ ಕುಡಿಸುತ್ತಿದ್ದರು. ಒಂದು ಗುಟುಕು ಗಂಟಲಲ್ಲೇ ನಿಂತಿತು. ಬೇಡ ಎಂದು ಹೇಳಲು ಬೆರಳು ಬಗ್ಗಿಸಿದೆ. ಆ ಮಾತಿನ ಮೊದಲ ಅಕ್ಷರ ಬಿ, ಅದಕ್ಕೇ ಒಂದು ಉದ್ದ, ಮೂರು ಗಿಡ್ಡ. ಉದ್ದ ಕೇಳಿ ಚಮಚ ನಿಂತಿತು. ಗಿಡ್ಡಗಳು ಪಟಪಟ ಕೇಳಿದ್ದೇ ತಡ, ಫೋನಿನ ಕಡೆ ತಿರುಗಿಯೂ ನೋಡದೆ ಬಾಯಿಗೆ ಸುರಿದರು. ಗಂಜಿ ಶ್ವಾಸಕ್ಕೆ ಹೋಯಿತು. ಐದು ದಿನ ಆಸ್ಪತ್ರೆಯಲ್ಲಿದ್ದೆ.

ಬಿಡುಗಡೆಯ ದಿನ ಡಾಕ್ಟರು ನನ್ನ ಮಂಚದ ಪಕ್ಕದಲ್ಲೇ ನಿಂತು ಹೇಳಿದರು: ಹೊಟ್ಟೆಗೆ ನೇರವಾಗಿ ಟ್ಯೂಬ್ ಹಾಕಿಸುವುದು ಒಳ್ಳೆಯದು. ಹುಷಾರಾಗಿ ಉಣಿಸಿದರೆ ಬಾಯಿಂದಲೇ ಇನ್ನೂ ಕೆಲವು ತಿಂಗಳು ನಡೆಯಬಹುದು, ತೀರ್ಮಾನ ನಿಮ್ಮದು.

“ಹಾಕ್‌ಬುಡಿ ಡಾಕ್ಟ್ರೇ” ಎಂದರು ಇವರು. ನನ್ನ ಮುಖ ಕೂಡ ನೋಡಲಿಲ್ಲ. ಟ್ಯೂಬ್ ಹಾಕುವುದು ಸೋಮವಾರ ಎಂದು ನಿಗದಿಯಾಯಿತು.

ಮನೆಗೆ ಬಂದವರೇ ಬೆರಳಿನ ಪಟ್ಟಿ ಬಿಚ್ಚಿ ಬೀರುವಿನಲ್ಲಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಈ ನಾಲಿಗೆಗೆ ಮಾತು ಹೋಗಿತ್ತು, ರುಚಿ ಹೋಗಿರಲಿಲ್ಲ. ಮಸ್ಸೊಪ್ಪಿನ ಸಾರಿನ ತಿಳಿ, ಎರಡು ಚಮಚ ಮಾವಿನ ರಸ, ಉಪ್ಪು, ಹುಳಿ, ನನಗಿನ್ನೇನಿತ್ತು? ಅದೂ ಹೋಗುವುದಾದರೆ ಹೋಗಲಿ, ನನ್ನನ್ನು ಒಂದು ಮಾತು ಕೇಳಬೇಡವಾ? ಲಗೇಜಿಗೂ ಟಿಕೆಟ್ ಹರಿಯುವ ಮುಂಚೆ ‘ಎಲ್ಲಿಗೆ’ ಎಂದು ಕೇಳುತ್ತಿದ್ದೆವು. ಬಾಯಿದ್ದಿದ್ದರೆ ಆ ಮನುಷ್ಯನ ಜನ್ಮ ಜಾಲಾಡಿಬಿಡುತ್ತಿದ್ದೆ.

ಶನಿವಾರ ಆ ಹುಡುಗಿ ಬಂದಳು. ನನ್ನ ಬರಿ ಬೆರಳು ನೋಡಿ, “ಅಂಕಲ್, ಪಟ್ಟಿ ಎಲ್ಲಿ?” ಎಂದಳು.

“ಅದ್ರಿಂದ್ಲೇ ಕಣಮ್ಮ ಎಲ್ಲಾ ಆಗಿದ್ದು. ಇವ್ಳು ಬೇಡ ಅಂತಾವ್ಳೆ, ನಾನು ರೈಟ್ ಅಂದ್ಲು ಅನ್ಕೊಂಡು ಸುರಿದ್ಬುಟ್ಟೆ. ನನ್ನ ಕೈಯಾರೆ ಸಾಯಿಸ್ಬುಡ್ತಿದ್ದೆ.”

“ತಪ್ಪು ಪಟ್ಟೀದಲ್ಲ ಅಂಕಲ್. ಅವ್ರು ಹೇಳಿ ಮುಗಿಸೋವರ್ಗೂ ಚಮಚ ಕೆಳಗಿಟ್ಟು ಫೋನ್ ನೋಡ್ಬೇಕು, ಅಷ್ಟೇ” ಎಂದು ತಾನೇ ಬೀರು ತೆಗೆದು ಪಟ್ಟಿ ತಂದು ಕಟ್ಟಿದಳು.

ಬೆರಳು ಮೊಂಡಾಗಿತ್ತು. ಒಂದೇ ಮಾತಿಗೆ ಏಳೆಂಟು ನಿಮಿಷ ಹಿಡಿಯಿತು. ಅವರು ಫೋನಿನ ಮುಂದೆ ಅಲುಗಾಡದೆ ನಿಂತಿದ್ದರು. ‘ನನ್ನ ಕೇಳಿದ್ರಾ?’ ಎಂದು ಬಂತು.

“ನಿನ್ನೇನು ಕೇಳದು? ನೀನು ಉಳೀಬೇಕು, ಅಷ್ಟೇಯ” ಎಂದು ರೇಗಿದರು.

‘ಈಗ ಕೇಳಿ’ ಎಂದೆ.

ಆ ಹುಡುಗಿ ಕಿಟಕಿ ಕಡೆ ತಿರುಗಿಕೊಂಡಳು. ಇವರು ಮಂಚದ ಪಕ್ಕ ನೆಲದ ಮೇಲೆ ಕೂತರು. ನನ್ನ ಮುಖ ನೋಡಿ, “ಟ್ಯೂಬ್ ಹಾಕ್ಸ್ಲಾ, ಬ್ಯಾಡ್ವಾ? ನೀನು ಹೇಳ್ದಂಗೇಯ” ಎಂದರು.

ಬೇಡ ಎನ್ನಲೆಂದೇ ಎರಡು ದಿನದಿಂದ ಕಾಯುತ್ತಿದ್ದೆ. ಈಗ ಅವರ ಮುಖ ಸರಿಯಾಗಿ ಕಾಣಿಸಿತು. ಕೆನ್ನೆ ಒಳಕ್ಕೆ ಹೋಗಿತ್ತು. ಆಸ್ಪತ್ರೆಯಿಂದ ಬಂದಾಗಿನಿಂದ ಅವರು ನನ್ನ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯಲ್ಲಿ ನಿಂತೇ ನಾಲ್ಕು ತುತ್ತು ನುಂಗಿ ಬರುತ್ತಿದ್ದರಂತೆ, ಮಗಳು ಹೇಳಿದ್ದಳು. ತಟ್ಟೆ ಸದ್ದು ಕೂಡ ಮಾಡುತ್ತಿರಲಿಲ್ಲ. ಮಂಚದ ಅಂಚನ್ನು ಸ್ಟೀರಿಂಗ್ ಹಿಡಿದ ಹಾಗೆ ಬಿಗಿಯಾಗಿ ಹಿಡಿದಿದ್ದರು. ಈ ಕೈ ಇನ್ನೊಂದು ಸಲ ಹೆದರದೆ ನನಗೆ ಉಣಿಸಲಾರದು ಎಂದು ತಿಳಿದು ನನಗೆ ಅಳು ಬಂತು. ಕೇಳಿದರಲ್ಲ, ಸಾಕಿತ್ತು.

‘ಹಾಕಿಸಿ’ ಎಂದೆ. ಅವರು ಏಳಲು ಹೋದರು. ನನ್ನ ಬೆರಳು ಇನ್ನೂ ಆಡುತ್ತಿರುವುದು ಕಂಡು ಮತ್ತೆ ಕೂತರು. ಮುಗಿಯುವವರೆಗೂ ಕಾದರು.

‘ನೀವು ನನ್ನ ಮುಂದೆ ಕೂತು ಊಟ ಮಾಡಿ.’

ಎದ್ದು ಹೋಗಿ ಅನ್ನ ಸಾರು ಕಲಸಿದ ತಟ್ಟೆ ತಂದು ನನ್ನೆದುರು ಕೂತರು. ಮೊದಲ ತುತ್ತು ಬಾಯಿಗಿಟ್ಟರು. ಅವರಿಗೇ ನುಂಗಲು ಆಗಲಿಲ್ಲ.