ಸೊಂಟದ ಎಲುಬಿನಲ್ಲಿ ಬೇವಿನ ಬೇರು

ತೊಂಬತ್ತರ ದಶಕದ ಮಾತು. ಕಮಲಾಪುರದಲ್ಲಿ ಮನೆಯ ಪಾಯ ತೋಡುವಾಗ ಮನುಷ್ಯರ ಎಲುಬು ಸಿಕ್ಕವು. ಪೊಲೀಸರು ಅವನ್ನು ಮಣ್ಣಿನ ಸಮೇತ ಕಲಬುರಗಿಗೆ ತಂದರು. ಶವಪರೀಕ್ಷೆಯ ಡಾಕ್ಟರು ನಾನು. ಹಿಂದೆಯೇ ಶಾಂತಮ್ಮ ಎಂಬ ಹೆಣ್ಣುಮಗಳು ಬಂದಳು. ಅಣ್ಣನ ಸಂಗಡ ಜಗಳಾಡಿ ಹಿಂದಿನ ವರ್ಷ ಮನೆಬಿಟ್ಟ ಅವಳ ಗಂಡ ತಿರುಗಿ ಬಂದಿರಲಿಲ್ಲ. ಎಲುಬು ಅವನವೇ ಎಂದು ಊರವರು ಆಗಲೇ ತೀರ್ಮಾನಿಸಿದ್ದರು.

ಮಾಂಸ, ಬಟ್ಟೆ ಏನೂ ಉಳಿದಿರಲಿಲ್ಲ. ಕೆಮ್ಮಣ್ಣಿನ ಬಣ್ಣ ಎಲುಬಿನ ಒಳತನಕ ಇಳಿದಿತ್ತು. ಸೊಂಟದ ಎಲುಬಿನ ತೂತಿನೊಳಗೆ ತೂರಿದ್ದ ಬೇವಿನ ಬೇರು ಅಲ್ಲೇ ನನ್ನ ಹೆಬ್ಬೆರಳಿಗಿಂತ ದಪ್ಪಗೆ ಬಲಿತಿತ್ತು. ಒಂದು ವರ್ಷದಲ್ಲಿ ಆಗುವಂಥದ್ದಲ್ಲ ಅದು.

"ಇವು ಭಾಳ ಹಳೇವು, ಯವ್ವಾ. ನಿನ್ನ ಗಂಡನವಲ್ಲ," ಎಂದೆ.

ಅವಳು ಕೇಳಿದಳು: "ಹಂಗಾರ ಅಂವ ಜೀವಂತ ಅದಾನಂತ ಬರದು ಕೊಡ್ರಿ, ಸಾಹೇಬ್ರ."

"ಹಂಗ ಬರಿಯಾಕ ಬರೂದಿಲ್ಲ. ಇವು ಅವನವಲ್ಲ ಅಂತ ಅಷ್ಟ ಬರೀಬಹುದು."

"ಅಷ್ಟ ಬರೀರಿ. ಉಳಿದದ್ದು ನಾ ಹುಡುಕ್ತೀನಿ."

ಹುಡುಕಿದಳು ಕೂಡ. ಸೊಲ್ಲಾಪುರದ ಮಗ್ಗದ ಕಾರ್ಖಾನೆಯಿಂದ ಗಂಡನನ್ನು ಹಿಡಿದು ತಂದು ನನ್ನೆದುರು ನಿಲ್ಲಿಸಿದಳು. ಅವನು ಕೈಮುಗಿದು, "ಸತ್ತಿದ್ರ ಇಷ್ಟು ಬೈಗುಳ ತಿಂತಿರ್ಲಿಲ್ರಿ, ಸಾಹೇಬ್ರ," ಎಂದ.

ನನ್ನ ನೌಕರಿಯಲ್ಲಿ ಮೃತನೆನಿಸಿಕೊಂಡವನೇ ಬಂದು ದೂರು ಹೇಳಿದ್ದು ಅದೊಂದೇ ಸಲ.